ಟೀಚರಿಗೊಂದು ಪ್ರಶ್ನೆ: ಗೆರೆಯ ಆಚೆ ಕಾಗದ ಬಿಳಿ

ಮಕ್ಕಳ ಓದಿನ ಬಗ್ಗೆ ಏನಿದ್ದರೂ ಕೇಳಿ ಎಂದು ಕಳೆದ ತಿಂಗಳು ಬರೆದಿದ್ದೆ. ಬಂದ ಕಾಗದಗಳಲ್ಲಿ ಅರ್ಧಕ್ಕರ್ಧ ಸಮಾಜ ಪಾಠದವು, ಅದರಲ್ಲೂ ಭೂಪಟದವು. ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಮೂವತ್ತೊಂದು ವರ್ಷ ಇದನ್ನೇ ಕಲಿಸುತ್ತಾ ಚಾಕ್‌ಪುಡಿ ನುಂಗಿದವಳು ನಾನು. ಹಾಗಾಗಿ ಈ ಸಲದ ಪುಟ ಪೂರ್ತಿ ಅದಕ್ಕೇ. ಬೀಜಗಣಿತದ ಲೆಕ್ಕ ಕಳಿಸಿದ ಇಬ್ಬರು ಕ್ಷಮಿಸಬೇಕು, ಅದು ನನ್ನ ಕೈಯಲ್ಲಿ ಆಗುವ ಕೆಲಸವಲ್ಲ.

ಟೀಚರಿಗೆ ನಮಸ್ಕಾರ. ಮಗಳು ಏಳನೇ ಕ್ಲಾಸು. ಪರೀಕ್ಷೆಗೆ ಕೇರಳದ ಭೂಪಟ ಕೊಟ್ಟು ಚಂದ್ರಗಿರಿ ಹೊಳೆಯ ಉಗಮ ಗುರುತಿಸಲು ಹೇಳಿದ್ದರು. ಹೊಳೆಯ ಗೆರೆ ಎಲ್ಲಿ ಸುರುವಾಗುತ್ತದೋ ಅಲ್ಲಿ, ಅಂದರೆ ರಾಜ್ಯದ ಗಡಿಯ ಮೇಲೆ, ಚುಕ್ಕೆ ಇಟ್ಟಳು. ತಪ್ಪು ಎಂದು ಮಾರ್ಕು ಕೊಡಲಿಲ್ಲ. 'ಗೆರೆ ಅಲ್ಲೇ ಸುರು ಆಗೋದಲ್ವಾ ಅಮ್ಮ?' ಅಂತ ಎರಡು ದಿನದಿಂದ ಕೇಳುತ್ತಿದ್ದಾಳೆ. ಏನು ಹೇಳಲಿ?
*ಒಬ್ಬ ತಾಯಿ, ಬದಿಯಡ್ಕ*

ನಿಮ್ಮ ಮಗಳ ಪರವಾಗಿ ಮಾತಾಡಲು ನಾನು ತಯಾರು. ಯಾಕೆಂದರೆ ಅದೇ ತಪ್ಪನ್ನು ನಾನೂ ಮಾಡಿದ್ದೇನೆ. ಅದೂ ಕಲಿಯುವಾಗ ಅಲ್ಲ, ಕಲಿಸುವಾಗ.

ಕೆಲಸಕ್ಕೆ ಸೇರಿ ಎರಡನೇ ವರ್ಷ. ಗೋಡೆಗೆ ಕೇರಳದ ಭೂಪಟ ತೂಗುಹಾಕಿ ಬೆತ್ತದ ತುದಿಯಲ್ಲಿ ಹೊಳೆಗಳನ್ನು ತೋರಿಸುತ್ತಿದ್ದೆ. "ಚಂದ್ರಗಿರಿ ಇಲ್ಲಿ ಹುಟ್ಟಿ ಇಲ್ಲಿ ಸಮುದ್ರ ಸೇರುತ್ತದೆ." ಮೊದಲನೇ 'ಇಲ್ಲಿ' ಹೇಳುವಾಗ ಬೆತ್ತ ಇದ್ದದ್ದು ಸರಿಯಾಗಿ ಗಡಿಗೆರೆಯ ಮೇಲೆ. ಹಿಂದಿನ ಬೆಂಚಿನಿಂದ ದೇಲಂಪಾಡಿ ಕಡೆಯ ಹುಡುಗನೊಬ್ಬ ಎದ್ದು ನಿಂತ. ಓದಿನಲ್ಲಿ ಹಿಂದೆ, ಬಾಯಿ ಬಿಡುವುದೇ ಅಪರೂಪ. "ಟೀಚರ್, ಆ ಹೊಳೆ ಸುಳ್ಯದಲ್ಲಿ ನನ್ನ ಅಜ್ಜನಮನೆ ಹತ್ರ ಕೂಡ ಉಂಟು. ಅಲ್ಲಿ ಪಯಸ್ವಿನಿ ಹೇಳ್ತಾರೆ." ನಾನು ಹೇಳಿದ್ದು ನನಗೀಗಲೂ ನೆನಪಿದೆ: "ಅದು ಬೇರೆ ಹೊಳೆ ಮಗಾ, ಕೂತ್ಕೋ." ಅವನು ಕೂತ.

ಆ ವರ್ಷದ ರಜೆಯಲ್ಲಿ ಮಡಿಕೇರಿಗೆ ಒಂದು ಮದುವೆಗೆ ಹೋಗಬೇಕಾಯಿತು. ಚೆರ್ಕಳದಿಂದ ಜಾಲ್ಸೂರಿಗೆ, ಅಲ್ಲಿಂದ ಸುಳ್ಯ, ಅರಂತೋಡು, ಸಂಪಾಜೆ. ಸುಳ್ಯ ದಾಟಿದ ಮೇಲೆ ಒಂದು ಹೊಳೆ ಬಸ್ಸಿನ ಜೊತೆಗೇ ಬರತೊಡಗಿತು. ಸ್ವಲ್ಪ ಹೊತ್ತು ಮರಗಳ ಹಿಂದೆ ಅಡಗುವುದು, ಮತ್ತೆ ಕಿಟಕಿಯ ಕೆಳಗೇ ಕಲ್ಲುಗಳ ಮಧ್ಯೆ ಕಾಣಿಸಿಕೊಳ್ಳುವುದು. ಕಂಡಕ್ಟರನ್ನು ಕೇಳಿದೆ. ಚಿಲ್ಲರೆ ಎಣಿಸುತ್ತಾ ತಲೆ ಎತ್ತದೆ ಹೇಳಿದ, "ಪಯಸ್ವಿನಿ. ನಿಮ್ಮ ಕಾಸರಗೋಡಿಗೇ ಹೋಗೂದು." ಮದುವೆ ಊಟ ರುಚಿಸಲಿಲ್ಲ. ಶಾಲೆ ಸುರುವಾದ ಮೊದಲ ದಿನ ಆ ಹುಡುಗನನ್ನು ಎಬ್ಬಿಸಿ, ಕ್ಲಾಸಿನ ಎದುರೇ, "ಹೋದ ವರ್ಷ ನೀನು ಹೇಳಿದ್ದು ಸರಿ, ನಾನು ಹೇಳಿದ್ದು ತಪ್ಪು" ಎಂದೆ. ಅವನಿಗೇನೂ ಆಶ್ಚರ್ಯವಾದಂತೆ ಕಾಣಲಿಲ್ಲ. ಅಜ್ಜನಮನೆ ಹೊಳೆಯಲ್ಲಿ ಮಿಂದವನಿಗೆ ಟೀಚರ ಸರ್ಟಿಫಿಕೇಟು ಯಾಕೆ.

ಈಗ ಮಗಳಿಗೆ ಹೇಳಬೇಕಾದದ್ದು. ಹೊಳೆ ಹುಟ್ಟುವುದು ಕೊಡಗಿನ ಬೆಟ್ಟದಲ್ಲಿ. ಸಂಪಾಜೆ, ಸುಳ್ಯ ದಾಟಿ ಪಯಸ್ವಿನಿಯಾಗಿಯೇ ಕೇರಳದೊಳಗೆ ಬಂದು, ಕೆಳಗೆ ಚಂದ್ರಗಿರಿ ಎನಿಸಿಕೊಂಡು, ತಳಂಗರೆಯ ಹತ್ತಿರ ಕಡಲು ಸೇರುತ್ತದೆ. ಉದ್ದ 105 ಕಿ.ಮೀ. ರಾಜ್ಯದ ಭೂಪಟ ಅಚ್ಚು ಹಾಕುವವರು ಗಡಿಯೊಳಗಿನದ್ದಕ್ಕೆ ಮಾತ್ರ ಬಣ್ಣ ಕೊಡುತ್ತಾರೆ. ಗೆರೆಯ ಆಚೆ ಕಾಗದ ಬಿಳಿ. ಆ ಬಿಳಿ ನೋಡಿದ ಮಗು ಅಲ್ಲಿ ಏನೂ ಇಲ್ಲ ಎಂದುಕೊಂಡರೆ ಅದು ಮಗುವಿನ ತಪ್ಪೇ? ಸುಳ್ಯದ ಮಕ್ಕಳ ಕರ್ನಾಟಕ ಭೂಪಟದಲ್ಲಿ ಇದರ ತದ್ವಿರುದ್ಧ. ಅಲ್ಲಿ ಪಯಸ್ವಿನಿ ಬಂದು ಬಂದು ಗಡಿಯಲ್ಲಿ ಮಾಯವಾಗುತ್ತದೆ, ಕಡಲಿಗೆ ಸೇರುವುದೇ ಇಲ್ಲ.

ಮಾರನೇ ವರ್ಷ ನಾನು ಎರಡೂ ರಾಜ್ಯಗಳ ಗೋಡೆ ಭೂಪಟ ತಂದು ಶಾಲೆಯ ಹಾಲಿನ ನೆಲದ ಮೇಲೆ ಒಂದರ ಪಕ್ಕ ಒಂದು ಹಾಸಿದೆ. ಮಕ್ಕಳಿಗೆ ಖುಷಿ. ಕೂಡಿಸಲು ಹೊರಟರೆ ಕೂಡುವುದಿಲ್ಲ! ಗಡಿಯ ಡೊಂಕು ಒಂದಕ್ಕೊಂದು ಕಚ್ಚಿಕೊಳ್ಳುವುದಿಲ್ಲ; ಈ ಕಡೆಯ ಹೊಳೆಗೂ ಆ ಕಡೆಯ ಹೊಳೆಗೂ ಮೂರು ಬೆರಳು ಅಂತರ. "ಟೀಚರ್, ಹೊಳೆ ಜಾರಿ ಬಿತ್ತು" ಎಂದಳು ಒಬ್ಬಳು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ 'ಸ್ಕೇಲು' ಎಂಬ ಪಾಠವನ್ನು ಹಲಗೆಯ ಮೇಲೆ ಎಷ್ಟು ಸಲ ಬರೆದರೂ ಹೋಗದ ತಲೆಗಳಿಗೆ ಅದು ಹೋದದ್ದು ಆ ದಿನ. ಕೇರಳ ದಕ್ಷಿಣೋತ್ತರ 8 ಡಿಗ್ರಿ 18 ನಿಮಿಷದಿಂದ 12 ಡಿಗ್ರಿ 48 ನಿಮಿಷದವರೆಗೆ, ಅಂದರೆ ನಾಲ್ಕೂವರೆ ಡಿಗ್ರಿ. ಕರ್ನಾಟಕ ಹನ್ನೊಂದೂವರೆಯಿಂದ ಹದಿನೆಂಟೂವರೆಯವರೆಗೆ, ಏಳು ಡಿಗ್ರಿ. ಎರಡನ್ನೂ ಒಂದೇ ಎತ್ತರದ ಕಾಗದದಲ್ಲಿ ತುಂಬಿಸಿದರೆ ಕೇರಳ ಒಂದೂವರೆ ಪಾಲು ದೊಡ್ಡದಾಗಿ ಕಾಣುತ್ತದೆ. ಮತ್ತೆ ಕೂಡುವುದು ಹೇಗೆ?

ಪರಿಹಾರ ಚೌಕ. ಎರಡೂ ಭೂಪಟಗಳಲ್ಲಿ ಅರ್ಧ ಅರ್ಧ ಡಿಗ್ರಿಗೆ ಅಡ್ಡಗೆರೆ, ಉದ್ದಗೆರೆ ಎಳೆಯುವುದು. ಒಂದೊಂದು ಚೌಕ ನಮ್ಮ ಕಡೆ ಹೆಚ್ಚುಕಡಿಮೆ 55 ಕಿ.ಮೀ. ಅಗಲ. ಆಮೇಲೆ ದೊಡ್ಡ ಡ್ರಾಯಿಂಗ್ ಕಾಗದದಲ್ಲಿ ಗಡಿಗೆರೆ ಹಾಕದೆ ಬರೇ ಚೌಕ ಬರೆದು, ಒಂದೊಂದು ಚೌಕದಲ್ಲಿ ಏನಿದೆಯೋ ಅದನ್ನು ಎರಡೂ ಕಡೆಯಿಂದ ನೋಡಿ ತುಂಬುವುದು. ಕಾಸರಗೋಡಿನವರಿಗೆ ಇದು ಭಾರೀ ಸಲೀಸು. ಹನ್ನೆರಡೂವರೆ ಡಿಗ್ರಿಯ ಅಡ್ಡಗೆರೆ, ಎಪ್ಪತ್ತೈದು ಡಿಗ್ರಿಯ ಉದ್ದಗೆರೆ ಒಂದನ್ನೊಂದು ಹಾಯುವುದು ಹೆಚ್ಚುಕಡಿಮೆ ಕಾಸರಗೋಡು ಪೇಟೆಯ ತಲೆಯ ಮೇಲೇ. ಅಲ್ಲಿಂದ ಬಲಕ್ಕೆ ಮೇಲಿನ ಮೊದಲ ಚೌಕದಲ್ಲಿ ಏನೇನು ಬರುತ್ತದೆ ಎಂದು ಮಗಳ ಹತ್ತಿರ ಬರೆಸಿ ನೋಡಿ: ನಿಮ್ಮ ಬದಿಯಡ್ಕ, ಪೆರ್ಲ, ಪುತ್ತೂರು, ಸುಳ್ಯ. ನಾಲ್ಕೂ ಒಂದೇ ಚೌಕ. ಅದರ ಬಲಕ್ಕೆ ಇನ್ನೊಂದು ಚೌಕ, ಅದರ ಕೆಳಗಿನದ್ದರಲ್ಲಿ ಮಡಿಕೇರಿ. ಹೊಳೆಯನ್ನು ನೀಲಿ ಪೆನ್ಸಿಲಿನಲ್ಲಿ ಬಿಡದೆ ಎಳೆದು, ಕೊನೆಗೆ, ಎಲ್ಲ ಮುಗಿದ ಮೇಲೆ, ಕೆಂಪು ಪೆನ್ಸಿಲಿನಲ್ಲಿ ಗಡಿ ಹಾಕಲಿ. ಗಡಿಯನ್ನು ಮೊದಲು ಹಾಕಿದರೆ ಮಗು ಅದರೊಳಗೇ ಬಣ್ಣ ತುಂಬುತ್ತದೆ. ಇದು ನನ್ನ ಮೂವತ್ತೊಂದು ವರ್ಷದ ಅನುಭವದ ಮಾತು.

ಪರೀಕ್ಷೆಯಲ್ಲಿ ಮುಂದಿನ ಸಲ ಗಡಿಯಿಂದ ಹೊರಗೆ, ಬಲಕ್ಕೆ ಒಂದು ಬಾಣ ಎಳೆದು 'ಉಗಮ: ಕೊಡಗಿನ ಬೆಟ್ಟ' ಎಂದು ಬಿಳಿ ಜಾಗದಲ್ಲಿ ಬರೆಯಲಿ. ಹೋದ ಮಾರ್ಕಿಗಾಗಿ ನೀವು ಶಾಲೆಗೆ ಹೋಗಬೇಡಿ. ಮಗಳನ್ನು ಸುಳ್ಯದ ಬಸ್ಸು ಹತ್ತಿಸಿ.

ನಾನು ಗದಗದ ಹುಡುಗಿ, ಪುತ್ತಿಗೆಗೆ ಮದುವೆಯಾಗಿ ಬಂದು ಹತ್ತು ವರ್ಷ. ನಾವು ಕಲಿತದ್ದು ಕರಾವಳಿ, ಮಲೆನಾಡು, ಬಯಲುಸೀಮೆ. ಮಗನ ಪುಸ್ತಕದಲ್ಲಿ ಮಲನಾಡು, ಇಡನಾಡು, ತೀರಪ್ರದೇಶ ಅಂತ ಇದೆ. ನಮ್ಮದು ಇಡನಾಡು ಅಂತಾನೆ. ನನಗೆ ಮಲೆನಾಡು ಅಂದ್ರೆ ಶಿವಮೊಗ್ಗ, ಚಿಕ್ಕಮಗಳೂರು. ನಾನು ಅವನಿಗೆ ತಪ್ಪು ಹೇಳಿಕೊಡ್ತಿದೀನಾ?
*ಪುತ್ತಿಗೆಯ ಒಬ್ಬ ಓದುಗರು*

ತಪ್ಪಲ್ಲ. ಪದ ಒಂದೇ, ಅಳೆಯುವ ಕೋಲು ಬೇರೆ. ಕರ್ನಾಟಕದ ವಿಂಗಡಣೆ ನೆಲದ ರೂಪವನ್ನೂ ಮಳೆಯನ್ನೂ ನೋಡಿ ಮಾಡಿದ್ದು. ಘಟ್ಟ ಹತ್ತಿದರೆ ಮಲೆನಾಡು, ಘಟ್ಟದ ಆಚೆ ಮಳೆ ಕಡಿಮೆಯಾದರೆ ಬಯಲುಸೀಮೆ. ಕೇರಳದಲ್ಲಿ ಹಿಂದಿನಿಂದ ಹೇಳಿಕೊಂಡು ಬಂದದ್ದು ಬರೇ ಎತ್ತರದ ಲೆಕ್ಕ. ಕಡಲ ಮಟ್ಟದಿಂದ ಏಳೂವರೆ ಮೀಟರಿನವರೆಗೆ ತೀರ, ಅಲ್ಲಿಂದ 75 ಮೀಟರಿನವರೆಗೆ ಇಡನಾಡು, ಅದರ ಮೇಲೆ ಮಲನಾಡು. 75 ಮೀಟರು ಎಂದರೆ ಎಷ್ಟು? ನಿಮ್ಮ ಹಿತ್ತಿಲ ತೆಂಗಿನಮರದಂಥ ಮೂರೋ ನಾಲ್ಕೋ ಒಂದರ ಮೇಲೊಂದು ನಿಲ್ಲಿಸಿದಷ್ಟು. ಅಷ್ಟು ಎತ್ತರದ ಗುಡ್ಡೆಗಳು ನಮ್ಮಲ್ಲಿ ಶಾಲೆಯ ಹಿಂದೆಯೇ ಇವೆ.

ನಿಮ್ಮ ಗದಗ ಆರುನೂರು ಮೀಟರಿಗಿಂತ ಮೇಲಿದೆ. ಈ ಕೋಲಿನಲ್ಲಿ ಅಳೆದರೆ ಗದಗವೂ ಮಲನಾಡೇ! ಇದನ್ನು ನಿಮ್ಮ ತವರಿಗೆ ಫೋನ್ ಮಾಡಿ ಹೇಳಿ, ಬೇಸಿಗೆಯಲ್ಲಿ ಸ್ವಲ್ಪ ನಕ್ಕಾರು. ಮಗನಿಗೆ ಮಾತ್ರ ಎರಡು ವಿಂಗಡಣೆಯನ್ನೂ ಹೇಳಿಕೊಡಿ. ಇಡನಾಡು ಎಂದರೆ ನಡುನಾಡು; ಘಟ್ಟಕ್ಕೂ ಕಡಲಿಗೂ ನಡುವೆ. ಅಡಿಕೆ ತೋಟ, ಬೈಲಿನ ಗದ್ದೆ, ಮೇಲೆ ಗೇರುಗುಡ್ಡೆ, ಇವೆಲ್ಲ ಕಿಟಕಿಯಿಂದ ಒಟ್ಟಿಗೇ ಕಂಡರೆ ಅದು ಇಡನಾಡು. ಈ ಲಕ್ಷಣ ನಾನು ಹೇಳಿದ್ದು, ಪುಸ್ತಕದ್ದಲ್ಲ.

ಟೀಚರ್, ನಮ್ಮ ಪಾಠದಲ್ಲಿ 'ಲ್ಯಾಟರೈಟ್' ಅಂತ ಬಂದಿದೆ. ಅದು ಎಲ್ಲಿ ನೋಡಲು ಸಿಗುತ್ತದೆ? ನಮ್ಮ ಅಪ್ಪನಿಗೆ ಗೊತ್ತಿಲ್ಲವಂತೆ.
*ಎಂಟನೇ ತರಗತಿಯ ವಿದ್ಯಾರ್ಥಿ, ಕುಂಬ್ಡಾಜೆ*

ಮಗಾ, ಈ ಪತ್ರಿಕೆಯನ್ನು ಕೆಳಗಿಟ್ಟು ಎದ್ದು ಹೋಗಿ ನಿಮ್ಮ ಮನೆಯ ಗೋಡೆಯನ್ನು ಮುಟ್ಟು. ಗಾರೆ ಬಳಿದಿದ್ದರೆ ಹಟ್ಟಿಯ ಗೋಡೆ, ಇಲ್ಲವೇ ಬಾವಿಕಟ್ಟೆ. ಅದೇ ಲ್ಯಾಟರೈಟ್. ನಿನ್ನ ಅಪ್ಪನಿಗೆ ಗೊತ್ತಿಲ್ಲದೆ ಏನು, ಅವರು ಅದನ್ನು ಮುರಕಲ್ಲು ಎನ್ನುತ್ತಾರೆ ಅಥವಾ ಕೆಂಪುಕಲ್ಲು ಎನ್ನುತ್ತಾರೆ ಅಷ್ಟೆ. ಘಟ್ಟದ ಮೇಲಿನವರು ಜಂಬಿಟ್ಟಿಗೆ ಎನ್ನುತ್ತಾರೆ. ಮಲೆಯಾಳದಲ್ಲಿ ವೆಟ್ಟುಕಲ್ಲು, ಅಂದರೆ ಕಡಿದು ತೆಗೆಯುವ ಕಲ್ಲು. ಈ ನಾಲ್ಕು ಹೆಸರೂ ಪಾಠದ ಪಕ್ಕದಲ್ಲಿ ಬರೆದಿಡು.

ಐದನೇ ಹೆಸರು ಲ್ಯಾಟರೈಟ್. ಅದನ್ನು ಇಟ್ಟವನು ಫ್ರಾನ್ಸಿಸ್ ಬುಕಾನನ್ ಎಂಬ ಸ್ಕಾಟ್ಲೆಂಡಿನ ವೈದ್ಯ. ಕೇರಳದ ಮಲಪ್ಪುರಂ ಜಿಲ್ಲೆಯ ಅಂಗಾಡಿಪುರದಲ್ಲಿ ಜನ ಮೆತ್ತಗಿನ ಕಲ್ಲನ್ನು ನೆಲದಿಂದ ಕಡಿದು ತೆಗೆದು ಮನೆ ಕಟ್ಟುವುದನ್ನು ನೋಡಿದ. ಲ್ಯಾಟಿನ್ ಭಾಷೆಯಲ್ಲಿ ಇಟ್ಟಿಗೆಗೆ 'ಲೇಟರ್'. 1807ರಲ್ಲಿ ಅಚ್ಚಾದ ಪ್ರವಾಸದ ಪುಸ್ತಕದಲ್ಲಿ ಆ ಹೆಸರು ಬಂತು. ಈಗ ಲೋಕದ ಎಲ್ಲ ಭೂಗೋಳ ಪುಸ್ತಕಗಳಲ್ಲೂ ಅದೇ. ಹೆಸರು ಹುಟ್ಟಿದ್ದು ನಿನ್ನದೇ ರಾಜ್ಯದಲ್ಲಿ.

ಅದು ಆಗುವುದು ಹೀಗೆ. ಮಳೆ ಜೋರು, ಸೆಕೆ ಜೋರು ಇರುವ ಕಡೆ ಲಕ್ಷಾಂತರ ವರ್ಷ ನೀರು ಇಳಿದೂ ಇಳಿದೂ ಬಂಡೆಯೊಳಗಿನ ಕರಗುವ ಸತ್ವವೆಲ್ಲ ತೊಳೆದುಹೋಗಿ, ಕಬ್ಬಿಣ ಮತ್ತು ಅಲ್ಯುಮಿನಿಯಂ ಅಂಶ ಉಳಿಯುತ್ತದೆ. ಆ ಕೆಂಪು ಕಬ್ಬಿಣದ ತುಕ್ಕಿನದ್ದು. ನೆಲದೊಳಗೆ ಮೆತ್ತಗೆ, ಗಾಳಿ ಬಿಸಿಲಿಗೆ ಬಂದರೆ ಗಟ್ಟಿ. ಮೈತುಂಬ ತೂತು. ಆದ್ದರಿಂದಲೇ ಇಷ್ಟು ಮಳೆ ಬಂದರೂ ನಮ್ಮ ಗುಡ್ಡೆಯ ಮೇಲೆ ನೀರು ನಿಲ್ಲುವುದಿಲ್ಲ, ಒಳಗೆ ಇಳಿಯುತ್ತದೆ. ಕೆಳಗೆ ಶೇಡಿಮಣ್ಣು ಸಿಕ್ಕಿದಲ್ಲಿ ಮುಂದೆ ಇಳಿಯಲಾರದೆ ಬದಿಗೆ ಒಸರುತ್ತದೆ.

ಹಾಗೆ ಒಸರುವ ನೀರನ್ನು ಹಿಡಿಯುವುದೇ ಸುರಂಗ. ನಿಮ್ಮ ಕಡೆ ಇನ್ನೂ ಇವೆಯಲ್ಲ, ತೋಟದ ಮೇಲಿನ ಬರೆಯಲ್ಲಿ. ನಾನು ಚಿಕ್ಕವಳಿದ್ದಾಗ ನಮ್ಮ ಅಜ್ಜನ ತೋಟದಲ್ಲಿ ಒಂದು ಹೊಸ ಸುರಂಗ ಕೊರೆಯುವುದನ್ನು ದಿನಾ ಹೋಗಿ ನೋಡುತ್ತಿದ್ದೆ. ಆಳು ನಿಲ್ಲುವಷ್ಟು ಎತ್ತರ, ಅಗಲ ಎರಡಡಿಯ ಆಸುಪಾಸು. ಒಬ್ಬ ಒಳಗೆ ಗಿಡ್ಡ ಹಿಡಿಯ ಪಿಕಾಸಿಯಲ್ಲಿ ಕಡಿಯುವುದು, ಇನ್ನೊಬ್ಬ ಮಣ್ಣನ್ನು ಬುಟ್ಟಿಯಲ್ಲಿ ಹೊರಗೆ ತರುವುದು. ಪಕ್ಕದಲ್ಲಿ ಮೇಣದಬತ್ತಿ ಉರಿಯುತ್ತಿತ್ತು. ಬೆಳಕಿಗೂ ಹೌದು, ಅದು ಮಂಕಾದರೆ ಒಳಗೆ ಉಸಿರಾಡಲು ಗಾಳಿ ಸಾಲದು ಎಂದು ತಿಳಿಯಲಿಕ್ಕೂ ಹೌದು. ನೆಲ ಹೊರಬದಿಗೆ ತುಸು ಇಳಿಜಾರು, ನೀರು ತಾನಾಗಿ ಹರಿದು ಬರಬೇಕಲ್ಲ. ಪಂಪು ಬೇಡ, ಕರೆಂಟು ಬೇಡ. ಒಂದು ಸಂಜೆ ಒಳಗಿನಿಂದ ಬಂದ ಬುಟ್ಟಿಯ ಮಣ್ಣು ಒದ್ದೆಯಾಗಿತ್ತು. ಅಜ್ಜ ಅದನ್ನು ಹಿಡಿಯಲ್ಲಿ ಹಿಂಡಿ ನೋಡಿ, ಏನೂ ಹೇಳದೆ ಒಳಗೆ ಹೋಗಿ ಬೆಲ್ಲ ತಂದು ಇಬ್ಬರಿಗೂ ಕೊಟ್ಟರು. ಕೆಲವು ಸುರಂಗ ಹತ್ತು ಮೀಟರಿಗೇ ನೀರು ಕೊಟ್ಟಾವು, ಕೆಲವು ಇನ್ನೂರು ಮುನ್ನೂರು ಮೀಟರು ಹೋದದ್ದುಂಟು.

ಇನ್ನೂ ಒಂದು ಕೆಲಸ ಕೊಡುತ್ತೇನೆ. ಬದಿಯಡ್ಕ, ಕಾರಡ್ಕ, ಏತಡ್ಕ, ಧರ್ಮತ್ತಡ್ಕ. ಈ 'ಅಡ್ಕ' ತುಳುವಿನದ್ದು. ಬೇಸಾಯವಿಲ್ಲದ ತೆರೆದ ಸಪಾಟು ನೆಲ. 'ಪದವು' ಎಂದರೆ ಗುಡ್ಡೆಯ ಮೇಲಿನ ಮುರಕಲ್ಲಿನ ಬಯಲು. 'ಪಳ್ಳ' ನೀರು ನಿಲ್ಲುವ ಗುಂಡಿ, 'ಬೈಲು' ತಗ್ಗಿನ ಗದ್ದೆ. ನಿಮ್ಮ ಪಂಚಾಯತಿನ ಊರುಗಳ ಹೆಸರು ಪಟ್ಟಿ ಮಾಡಿ ಅಡ್ಕ, ಪದವು, ಪಳ್ಳ, ಬೈಲು ಎಂದು ವಿಂಗಡಿಸು. ಲ್ಯಾಟರೈಟ್ ಎಲ್ಲಿದೆ ಎಂದು ನಿನಗೆ ಆಮೇಲೆ ಯಾರೂ ಹೇಳಬೇಕಾಗಿಲ್ಲ. ಮಾಡಿದ ಮೇಲೆ ನನಗೊಂದು ಪ್ರತಿ ಕಳಿಸು.

ನನಗೆ 81 ವರ್ಷ. ನಾವು ಮದ್ರಾಸಿನ ಕಾಲದಲ್ಲಿ ದಕ್ಷಿಣ ಕನ್ನಡ ಜಿಲ್ಲೆಯ ನಕ್ಷೆ ಕಲಿತವರು. ಮೊಮ್ಮಗನಿಗೆ ಇಡುಕ್ಕಿ ಗೊತ್ತು, ಕುಟ್ಟನಾಡು ಗೊತ್ತು, ಕುಮಾರಧಾರೆ ಗೊತ್ತಿಲ್ಲ. ಉಪ್ಪಿನಂಗಡಿ ಎಲ್ಲಿ ಎಂದರೆ ಕಣ್ಣು ಕಣ್ಣು ಬಿಡುತ್ತಾನೆ. ಇದೆಂಥ ಭೂಗೋಳ ಟೀಚರೇ?
*ಒಬ್ಬ ಹಿರಿಯರು, ಮಾಯಿಪ್ಪಾಡಿ*

ಅಣ್ಣನವರೇ, ನಿಮ್ಮ ಸಂಕಟ ನನಗೆ ಅರ್ಥವಾಗುತ್ತದೆ. ನೀವು ಮನೆ ಬದಲಿಸಲಿಲ್ಲ, ಜಾಲಿನ ತುಳಸಿಕಟ್ಟೆಯೂ ಅಲ್ಲೇ ಇದೆ. ಆದರೆ ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡದಲ್ಲಿ ಹುಟ್ಟಿದ ನೀವು 1956ರ ನವೆಂಬರ್ 1ರಂದು ಕೇರಳದವರಾದಿರಿ, ಆಮೇಲೆ ಕಣ್ಣೂರು ಜಿಲ್ಲೆಯವರಾದಿರಿ, 1984ರ ಮೇ 24ರಿಂದ ಕಾಸರಗೋಡು ಜಿಲ್ಲೆಯವರು. ಕುಳಿತಲ್ಲಿಂದಲೇ ಇಷ್ಟು ಊರು ಸುತ್ತಿದವರು ಬೇರೆ ಯಾರಿದ್ದಾರೆ! ಚಂದ್ರಗಿರಿಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕೆಂದು 1967ರಲ್ಲಿ ಮಹಾಜನ ಆಯೋಗ ಹೇಳಿತ್ತು, ಅದು ಜಾರಿಗೆ ಬರಲಿಲ್ಲ. ಆ ವಾದವನ್ನು ಈ ಪುಟದಲ್ಲಿ ನಾನು ಎತ್ತುವುದಿಲ್ಲ. ಮೊಮ್ಮಗನ ಪರೀಕ್ಷೆ ಇರುವುದು ಮಾರ್ಚಿನಲ್ಲಿ.

ಅವನು ಇಡುಕ್ಕಿ ಕಲಿಯಲಿ. ಕುಟ್ಟನಾಡಿನಲ್ಲಿ ಕಡಲ ಮಟ್ಟಕ್ಕಿಂತ ತಗ್ಗಿನ ನೆಲದಲ್ಲಿ ಬದು ಕಟ್ಟಿ, ನೀರೆತ್ತಿ ಭತ್ತ ಬೆಳೆಯುವುದು ಕಲಿಯಬೇಕಾದ ಸಂಗತಿಯೇ. ನಿಮ್ಮ ಪಾಲಿನ ಕೆಲಸ ಬೇರೆ. ನೀವು ಅವನಿಗೆ ಒಂದು ಪಂಥ ಹಾಕಿ: "ಕಾಸರಗೋಡು ಉತ್ತರದಲ್ಲೋ, ಮೈಸೂರು ಉತ್ತರದಲ್ಲೋ?" ಖಂಡಿತ ಮೈಸೂರು ಎನ್ನುತ್ತಾನೆ. ಕೇರಳ ಕೆಳಗೆ, ಕರ್ನಾಟಕ ಮೇಲೆ ಎಂದು ಮಕ್ಕಳ ತಲೆಯಲ್ಲಿ ಕೂತುಬಿಟ್ಟಿದೆ. ಅಟ್ಲಾಸು ತೆರೆದು ತೋರಿಸಿ. ಮೈಸೂರು 12 ಡಿಗ್ರಿ 18 ನಿಮಿಷ, ನಾವು 12 ಡಿಗ್ರಿ 30 ನಿಮಿಷ. ನಾವೇ ಉತ್ತರ! ನನ್ನ ಕ್ಲಾಸಿನಲ್ಲಿ ಪ್ರತಿ ವರ್ಷ ಈ ಪಂಥದಲ್ಲಿ ಒಬ್ಬರಾದರೂ ನನಗೆ ನೆಲ್ಲಿಕಾಯಿ ಸೋಲುತ್ತಿದ್ದರು.

ಅಟ್ಲಾಸು ತೆರೆದದ್ದೇ ನೆಪ, ಬೆರಳನ್ನು ಹಾಗೇ ಮೇಲಕ್ಕೆ ಸರಿಸಿ ಉಪ್ಪಿನಂಗಡಿಗೆ ಕರೆದುಕೊಂಡು ಹೋಗಿ. ಕುಮಾರಧಾರೆ ನೇತ್ರಾವತಿಯನ್ನು ಸೇರುವುದನ್ನು ನಿಮ್ಮಷ್ಟು ಚೆನ್ನಾಗಿ ಪುಸ್ತಕ ಹೇಳಲಾರದು. ನೀವು ಕಲಿತ ಹಳೆಯ ನಕ್ಷೆ ಇನ್ನೂ ಮನೆಯಲ್ಲಿದ್ದರೆ ದಯವಿಟ್ಟು ಗೆದ್ದಲಿಗೆ ಕೊಡಬೇಡಿ, ಒಮ್ಮೆ ನನಗೆ ತೋರಿಸಿ. ಬಸ್ಸು ಹತ್ತಿ ನಾನೇ ಬರುತ್ತೇನೆ.

ಪಿ.ಎಸ್.ಸಿ. ಪರೀಕ್ಷೆಗೆ ತಯಾರಿ ನಡೆಸುತ್ತಿದ್ದೇನೆ. ಕೇರಳದ 44 ನದಿ ಬಾಯಿಪಾಠ ಮಾಡಿದರೂ ಮರೆಯುತ್ತದೆ. ಏನಾದರೂ ಉಪಾಯ?
*ಪೆರ್ಲದ ಯುವಕ*

ಮರೆಯುವುದೇ ಸಹಜ, ನಲವತ್ತನಾಲ್ಕು ಹೆಸರು ಬಾಯಿಪಾಠ ಮಾಡಲು ಅದೇನು ಮಗ್ಗಿಯಲ್ಲ. ಮೊದಲು ಮೂರನ್ನು ಬದಿಗಿಡಿ: ಕಬಿನಿ, ಭವಾನಿ, ಪಾಂಬಾರ್. ಪೂರ್ವಕ್ಕೆ ಹರಿಯುವುದು ಈ ಮೂರೇ, ಮೂರೂ ಕೊನೆಗೆ ಕಾವೇರಿಗೇ. ಕಬಿನಿ ವಯನಾಡಿನಿಂದ ಹೊರಟು ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಸೇರುವುದು ಕನ್ನಡ ಓದಿದ ನಿಮಗೆ ಹೊಸತಲ್ಲ. ಉಳಿದ 41 ಪಡುವಣಕ್ಕೆ. ಅವುಗಳಲ್ಲಿ ಉದ್ದದ ಮೂರು: ಪೆರಿಯಾರ್ 244 ಕಿ.ಮೀ., ಭಾರತಪ್ಪುಝ 209, ಪಂಪಾ 176.

ಇನ್ನು ತೀರಾ ಚಿಕ್ಕದು ನಿಮ್ಮ ಕಡೆಯದ್ದೇ. ಕೇರಳದಲ್ಲಿ ಲೆಕ್ಕಕ್ಕೆ ಹಿಡಿಯುವುದು 15 ಕಿ.ಮೀ.ಗಿಂತ ಉದ್ದದ್ದನ್ನು ಮಾತ್ರ. ಮಂಜೇಶ್ವರ ಹೊಳೆ 16 ಕಿ.ಮೀ. ಒಂದೇ ಮಾರ್ಕಿನಲ್ಲಿ ಪಾಸಾದ ಹುಡುಗನ ಹಾಗೆ ಪಟ್ಟಿಯ ಕೊನೆಯಲ್ಲಿ ನಿಂತಿದೆ. ಬಾಕಿಯದ್ದಕ್ಕೆ ನನ್ನ ಉಪಾಯ ರೈಲು. ಮಂಜೇಶ್ವರದಿಂದ ದಕ್ಷಿಣಕ್ಕೆ ಹೋಗುವ ಗಾಡಿಯಲ್ಲಿ ಹಗಲು ಹೊತ್ತು ಕಿಟಕಿ ಪಕ್ಕ ಕೂತು ಪ್ರತಿ ಸೇತುವೆಗೂ ಹೆಸರು ಬರೆದುಕೊಳ್ಳಿ. ಮಂಜೇಶ್ವರ, ಉಪ್ಪಳ, ಶಿರಿಯ, ಮೊಗ್ರಾಲ್, ಚಂದ್ರಗಿರಿ. ಕಾಸರಗೋಡು ದಾಟುವುದರೊಳಗೆ ಐದಾಯಿತು. ಸೇತುವೆಯ ಸದ್ದು ಕೇಳಿದಾಗ ಹೆಸರು ತಾನಾಗಿ ಬಾಯಿಗೆ ಬರುತ್ತದೆ.

ಮಂಜೇಶ್ವರದ ಶಾಲೆಯೊಂದರಲ್ಲಿ ದಿನಗೂಲಿ ಅಧ್ಯಾಪಕಿ. ಆಲಪ್ಪುಝ, ಕೋಝಿಕ್ಕೋಡ್, ಮೂವಾಟ್ಟುಪುಝ ಓದುವಾಗ ಮಕ್ಕಳ ನಾಲಿಗೆ ತಡವರಿಸುತ್ತದೆ. ಮನೆಯ ಹಿರಿಯರು ಕಲ್ಲಿಕೋಟೆ ಅನ್ನುತ್ತಾರೆ. ಯಾವುದನ್ನು ಕಲಿಸಲಿ ಟೀಚರ್?
*ಮಂಜೇಶ್ವರದ ಒಬ್ಬ ಅಧ್ಯಾಪಕಿ*

ಬರೆಯುವಾಗ ಪುಸ್ತಕದಲ್ಲಿದ್ದ ಹಾಗೆ, ಮಾತಿನಲ್ಲಿ ಎರಡೂ. ಕಲ್ಲಿಕೋಟೆ ನಮ್ಮ ಅಜ್ಜ ಪಿಜ್ಜರ ಬಾಯಲ್ಲಿ ಬಂದ ಹೆಸರು, ಅದನ್ನು ಮಕ್ಕಳು ಮರೆಯಬಾರದು.

ಆ 'ಝ'ದ ಕಷ್ಟ ನನಗೂ ಇತ್ತು. ಅದು ನಮ್ಮ ಝಂಡಾದ ಝ ಅಲ್ಲ, ಬೇರೆ ಅಕ್ಷರ ಇಲ್ಲದ್ದಕ್ಕೆ ಹಾಗೆ ಬರೆಯುತ್ತೇವೆ. ತಮಾಷೆ ಏನೆಂದರೆ ಆ ಅಕ್ಷರ ನಮ್ಮಲ್ಲೂ ಇತ್ತು, ೞ. ಹಳಗನ್ನಡದಲ್ಲಿ ಬಾೞೆ, ಕೋೞಿ, ಏೞು ಎಂದೇ ಬರೆಯುತ್ತಿದ್ದರು. ಆಮೇಲೆ ನಾವು ಬಾಳೆ, ಕೋಳಿ, ಏಳು ಮಾಡಿಕೊಂಡೆವು, ಮಲೆಯಾಳದವರು ಉಳಿಸಿಕೊಂಡರು. ಪುೞ ಎಂದರೂ ನಮ್ಮ ಹೊಳೆಯೇ. ಮಕ್ಕಳಿಗೆ ಇದನ್ನು ಹೇಳಿದರೆ ಆಲಪ್ಪುಝ ಪರದೇಶವಾಗಿ ಉಳಿಯುವುದಿಲ್ಲ.

ಇನ್ನೊಂದು ಎಚ್ಚರಿಕೆ. ಮಲೆಯಾಳದಲ್ಲಿ 'ಆರು' ಎಂದರೂ ಹೊಳೆ. ಪೆರಿಯ ಆರು ಪೆರಿಯಾರ್, ಹಿರಿಹೊಳೆ. ಮೂವಾಟ್ಟುಪುಝದಲ್ಲಿ ಮೂರು ಹೊಳೆ ಕೂಡುತ್ತವೆ, ಹೆಸರಿನಲ್ಲೇ ಆ ಮೂರು ಇದೆ. ನನ್ನ ಒಬ್ಬ ಶಿಷ್ಯ ಅದನ್ನು 'ಮೂರು ಆರು ಹದಿನೆಂಟು' ಎಂದು ವಿವರಿಸಿದ್ದ. ಅರ್ಧ ಮಾರ್ಕು ಕೊಟ್ಟೆ.

ಹೋದ ಸಂಚಿಕೆಯಲ್ಲಿ ಕರ್ನಾಟಕಕ್ಕೆ 30 ಜಿಲ್ಲೆ ಎಂದು ಬರೆದಿದ್ದೀರಿ. ಈಗ 31.
*ಸುಳ್ಯದ ಓದುಗರು*

ಒಪ್ಪಿದೆ, ತಪ್ಪು ನನ್ನದೇ. 2021ರಲ್ಲಿ ಬಳ್ಳಾರಿಯಿಂದ ಬೇರೆಯಾಗಿ ವಿಜಯನಗರ ಜಿಲ್ಲೆ ಆಯಿತು. ನನ್ನ ಗೋಡೆಯಲ್ಲಿರುವುದು ನಿವೃತ್ತಿಯ ದಿನ ಶಾಲೆಯವರು ಕೊಟ್ಟ ಭೂಪಟ, ಅದನ್ನೇ ನೋಡಿ ಬರೆದುಬಿಟ್ಟೆ. ನಿಮ್ಮ ಕಾಗದ ಬಂದ ದಿನ ಸ್ಟೂಲು ಹತ್ತಿ ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದೇನೆ. ಸ್ವಲ್ಪ ಓರೆಯಾಗಿದೆ, ಹೊಸಪೇಟೆ ಯಾವ ಕಡೆಗೆ ಬಿತ್ತು ಎಂದು ಕನ್ನಡಕ ಹಾಕಿ ಇನ್ನೊಮ್ಮೆ ನೋಡಬೇಕು.